ಈ ಪುಟ್ಟ ಮೀನಿಗೂ ಫಿಟ್ಸ್ ಬರುತ್ತದೆ

ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಮೈತುಂಬ ನೀಲಿ ಪಟ್ಟೆ ಇರುವ ಜೀಬ್ರಾ ಮೀನು ನೋಡಿರುತ್ತೀರಿ. ನಮ್ಮ ದೇಶದ್ದೇ ಮೀನು ಅದು, ಗಂಗಾ ಬಯಲಿನ ತೊರೆ, ಗದ್ದೆ ನೀರಲ್ಲಿ ಇರುತ್ತದೆ. ಅದಕ್ಕೂ ಫಿಟ್ಸ್ ಬರುತ್ತದೆ ಅಂದರೆ ಜನ ಸುಲಭಕ್ಕೆ ನಂಬುವುದಿಲ್ಲ. ಆದರೆ ಮೂರ್ಛೆ ರೋಗದ ಔಷಧಿ ಹುಡುಕುವವರಿಗೆ ಇದು ದೊಡ್ಡ ಆಸರೆ.

2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿ ಸ್ಕಾಟ್ ಬಾರಾಬಾನ್ ಮತ್ತು ಜೊತೆಯವರು ಈ ಮೀನಿನ ಮರಿಗಳಿದ್ದ ನೀರಿಗೆ ಪಿಟಿಜೆಡ್ ಅನ್ನುವ ರಾಸಾಯನಿಕ ಬೆರೆಸಿದರು. ನರಕೋಶಗಳನ್ನು ಹಿಡಿತದಲ್ಲಿಡುವ ಗಾಬಾ ಅನ್ನುವ ವಸ್ತುವಿನ ಕೆಲಸಕ್ಕೆ ಅದು ಅಡ್ಡ ಬರುತ್ತದೆ. ಮರಿಗಳು ಮೊದಲು ಜೋರಾಗಿ ಈಜಾಡಿದವು, ಆಮೇಲೆ ಗಿರಗಿರ ಸುತ್ತಿದವು, ಕೊನೆಗೆ ಮೈ ಅದುರಿ ಒಂದು ಕಡೆಗೆ ವಾಲಿದವು. ಮೆದುಳಿನ ವಿದ್ಯುತ್ ಅಳೆದು ನೋಡಿದಾಗ ಅಲ್ಲೂ ಫಿಟ್ಸ್ ಕಾಣಿಸಿತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಡ್ರಾವೆ ಸಿಂಡ್ರೋಮ್‌ನ ಕೆಲಸ. ಹುಟ್ಟಿದ ಮೊದಲ ವರ್ಷದಲ್ಲೇ, ಎಷ್ಟೋ ಸಲ ಜ್ವರದ ಜೊತೆ, ಶುರುವಾಗುವ ಮೂರ್ಛೆ ಕಾಯಿಲೆ ಅದು, ಹೆಚ್ಚಿನ ಮಕ್ಕಳಲ್ಲಿ ಎಸ್‌ಸಿಎನ್1ಎ ಜೀನ್ ಕೆಟ್ಟಿರುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಮಾಮೂಲಿ ಮಾತ್ರೆ ಕೊಟ್ಟರೆ ಇವರಿಗೆ ಫಿಟ್ಸ್ ಜಾಸ್ತಿಯಾಗಬಹುದು. ಮಗು ಬಿದ್ದಾಗಲೆಲ್ಲ ಕೈಗೆ ಬೀಗದ ಕೈ ಹಿಡಿಸಿ ಅನ್ನುವವರ ನಡುವೆ ಆ ತಂದೆತಾಯಿ ಎಷ್ಟು ಒಂಟಿಯಾಗಿರುತ್ತಾರೆ ಗೊತ್ತಾ? ಕಬ್ಬಿಣದಿಂದ ಏನೂ ಆಗುವುದಿಲ್ಲ, ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ.

ಇದೇ ಬಗೆಯ ಜೀನ್ ಕೆಟ್ಟ ಮೀನುಗಳ ಮೇಲೆ ಬಾರಾಬಾನ್ ತಂಡ 320 ಔಷಧಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿತು. ಈ ಮಕ್ಕಳಿಗೆ ಕೊಡುವ ವ್ಯಾಲ್ಪ್ರೊಯೇಟ್, ಸ್ಟಿರಿಪೆಂಟಾಲ್ ಮೀನಿಗೂ ನಾಟಿದವು. ಅಲರ್ಜಿಗೆ ಕೊಡುತ್ತಿದ್ದ ಹಳೆಯ ಕ್ಲೆಮಿಜೋಲ್ ಕೂಡ ಫಿಟ್ಸ್ ತಡೆಯಿತು, ಆಮೇಲೆ ಅದು ಮನುಷ್ಯರ ಕ್ಲಿನಿಕಲ್ ಟ್ರಯಲ್‌ವರೆಗೂ ಹೋಯಿತು. ಇಷ್ಟು ಔಷಧಿಗಳನ್ನು ಇಲಿಗಳ ಮೇಲೆ ನೋಡಬೇಕಾದರೆ ಎಷ್ಟು ಕಾಲ, ಎಷ್ಟು ದುಡ್ಡು ಬೇಕು ಅಲ್ವಾ? ಮೀನಿನ ಮರಿಯಾದರೆ ಚಿಕ್ಕ ಚಿಕ್ಕ ಗುಳಿಗಳ ಒಂದು ತಟ್ಟೆಯಲ್ಲಿ 96 ಹಿಡಿಸುತ್ತವೆ, ಮೈ ಪಾರದರ್ಶಕ, ಮೆದುಳಿನ ಚಟುವಟಿಕೆಯನ್ನು ಮೈಕ್ರೋಸ್ಕೋಪ್‌ನಲ್ಲೇ ನೋಡಬಹುದು.

ಹಾಗಂತ ಮೀನು ಮನುಷ್ಯನಲ್ಲ. ನಮ್ಮ ಜೀನ್‌ಗಳಲ್ಲಿ ಸುಮಾರು 70%ಕ್ಕೆ ಅದರಲ್ಲಿ ಜೋಡಿ ಸಿಗುತ್ತದೆ ನಿಜ, ಆದರೆ ನಮ್ಮಂಥ ಪದರಪದರದ ಕಾರ್ಟೆಕ್ಸ್, ಅಂದರೆ ಮೆದುಳಿನ ಹೊರಭಾಗ, ಅದಕ್ಕಿಲ್ಲ. ಇದು ಜರಡಿ ಮಾತ್ರ, ಇಲ್ಲಿ ಉಳಿದ ಔಷಧಿ ಇಲಿಯಲ್ಲೂ ಮನುಷ್ಯರಲ್ಲೂ ಗೆಲ್ಲಬೇಕು. ಮೀನಿಗೂ ಜೀವ ಇದೆ, ಸುಮ್ನೆ ವ್ಯರ್ಥ ಮಾಡಬಾರದು ಅನ್ನುವುದೂ ನನ್ನ ಮನಸ್ಸಲ್ಲಿದೆ.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ಅದೇ ಊರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಸ್ಥೆಯಲ್ಲಿ ಜೀಬ್ರಾ ಮೀನಿನ ಮೆದುಳಿನ ಸಂಶೋಧನೆ ನಡೆಯುತ್ತದೆ. ಆಸ್ಪತ್ರೆಯಲ್ಲಿ ಒಂದು ಮಗುವಿನ ಜೀನ್‌ನಲ್ಲಿ ಕಂಡ ತಪ್ಪನ್ನು ಇದೇ ಊರಿನ ಮೀನಿನ ತೊಟ್ಟಿಯಲ್ಲಿ ಪರೀಕ್ಷಿಸುವ ಕೆಲಸ ಇನ್ನೂ ಜಾಸ್ತಿ ಆಗಬೇಕು, ಅದಕ್ಕೆ ದುಡ್ಡು ಸಿಗಬೇಕು.