ಫಿನ್ಲೆಂಡಿನಿಂದ ಬಂದ ಕಾರ್ಡು

ಪೋಸ್ಟ್‌ಕ್ರಾಸಿಂಗ್ ಗೊತ್ತಾ? 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾದದ್ದು. ಗುರುತೇ ಇಲ್ಲದ ಯಾರಿಗೋ ಒಂದು ಪೋಸ್ಟ್‌ಕಾರ್ಡ್ ಬರೆಯಬೇಕು. ಅದು ತಲುಪಿದ ಮೇಲೆ ಮತ್ಯಾರೋ ನಮಗೆ ಬರೆಯುತ್ತಾರೆ. ಮೊನ್ನೆ ಫಿನ್ಲೆಂಡಿನಿಂದ ಬಂತು. ನೀಲಿ ಇಂಕು, ಓರೆ ಅಕ್ಷರ, ಅಂಚಿನವರೆಗೂ ತುಂಬಿಸಿದ್ದಾರೆ. ಜೂನ್ ಕೊನೆಯಲ್ಲಿ ಯುಹಾನ್ನುಸ್ ಹಬ್ಬವಂತೆ. ಕೆರೆ ದಂಡೆಯಲ್ಲಿ ದೊಡ್ಡ ಬೆಂಕಿ. ಸೌನಾ ಅನ್ನೋ ಬಿಸಿ ಹಬೆಯ ಕೋಣೆಯಲ್ಲಿ ಕೂತು ಬೆವರಿ, ಎಳೆ ಬರ್ಚ್ ಕೊಂಬೆಯ ಕಟ್ಟಿನಿಂದ ಮೈಗೆ ಬಡಿದುಕೊಂಡು, ಸೀದಾ ನೀರಿಗೆ ಹಾರುತ್ತಾರಂತೆ. ಆ ಕಟ್ಟನ್ನು ಕಟ್ಟಲು ಅಜ್ಜಿಯೇ ಕಲಿಸಿದ್ದಂತೆ. ಟೂರ್ ಪ್ಯಾಕೇಜಿನಲ್ಲಿ ಇಂಥ ಅಜ್ಜಿ ಸಿಗುತ್ತಾರಾ?

ಈಗ ನನ್ನ ಸರದಿ. ತೈವಾನ್‌ನವರೊಬ್ಬರಿಗೆ ಸಂಕ್ರಾಂತಿ ಬಗ್ಗೆ ಬರೆಯುತ್ತಾ ಕೂತಿದ್ದೇನೆ. ಎಳ್ಳು-ಬೆಲ್ಲ, ಕಬ್ಬು ಸುಲಭ. ಹಸುಗಳನ್ನು ಕಿಚ್ಚು ಹಾಯಿಸುವುದು ಯಾಕೆ ಅಂತ ಅಮ್ಮನನ್ನು ಕೇಳಿದರೆ, "ಸುಮ್ನೆ ಬರಿ, ಮೊದಲಿಂದ ಬಂದಿದೆ ಅಂತ" ಅಂದರು!