ಕೊಡಗಿನ ಹೈಡ್‌ಗಳಲ್ಲಿ ಪಕ್ಷಿ ಛಾಯಾಗ್ರಹಣ: ಹೊರಡುವ ಮುನ್ನ ತಿಳಿದಿರಬೇಕಾದದ್ದು

ಹಕ್ಕಿಗಳ ಚಿತ್ರ ತೆಗೆಯಲೆಂದೇ ಕೊಡಗಿಗೆ ಹೊರಡುವವರು ಮೊದಲು ತಿಂಗಳನ್ನು ಆರಿಸಿಕೊಳ್ಳಬೇಕು, ಉಳಿದದ್ದೆಲ್ಲ ಆಮೇಲೆ. ಇಲ್ಲಿನ ಕಾಡಂಚಿನ ಕಾಫಿ ತೋಟಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ಹೈಡ್‌ಗಳು, ಅಂದರೆ ಹಸಿರು ಬಲೆ ಹೊದಿಸಿದ ಪುಟ್ಟ ಮರೆಗಳು, ಬಹುಮಟ್ಟಿಗೆ ನೀರನ್ನೇ ನಂಬಿಕೊಂಡಿವೆ. ಮರೆಯ ಮುಂದೆ ಹದಿನೈದಿಪ್ಪತ್ತು ಅಡಿ ದೂರದಲ್ಲಿ ಒಂದು ಆಳವಿಲ್ಲದ ಹೊಂಡ, ಅದರ ಸುತ್ತ ಪಾಚಿಗಟ್ಟಿದ ಕಲ್ಲು, ಮೇಲೆ ಒಂದೆರಡು ಒಣ ಕೊಂಬೆ, ಇಷ್ಟೇ ಏರ್ಪಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊರೆಯಲ್ಲಿ, ಮರದ ಪೊಟರೆಯಲ್ಲಿ, ಎಲೆಯ ಮಡಿಕೆಯಲ್ಲಿಯೂ ನೀರು ನಿಂತಿರುವಾಗ ಆ ಹೊಂಡಕ್ಕೆ ಬರುವ ಅಗತ್ಯ ಯಾವ ಹಕ್ಕಿಗೂ ಇರುವುದಿಲ್ಲ. ಅಕ್ಟೋಬರ್ ಹೊತ್ತಿಗೆ ನವರಂಗದಂತಹ ವಲಸೆ ಹಕ್ಕಿಗಳು ಬಂದಿಳಿಯುತ್ತವೆಯಾದರೂ ನೆಲದ ತೇವ ಇನ್ನೂ ಆರಿರುವುದಿಲ್ಲ. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಕೊಯ್ಲು ನಡೆಯುವುದರಿಂದ ತೋಟದ ತುಂಬ ಜನರ ಓಡಾಟ, ಮಾತು, ಟ್ರ್ಯಾಕ್ಟರಿನ ಸದ್ದು. ಆದ್ದರಿಂದ ಕೊಯ್ಲು ಮುಗಿದು ತೋಟ ನಿಶ್ಶಬ್ದವಾಗುವ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ಅವಧಿಯೇ ನನ್ನ ಮಟ್ಟಿಗೆ ಅತ್ಯುತ್ತಮ.

ಈ ಅವಧಿಯಲ್ಲೂ ಎರಡು ವಿಷಯಗಳನ್ನು ತೋಟದವರಲ್ಲಿ ಮೊದಲೇ ವಿಚಾರಿಸಬೇಕು. ಒಂದು, ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಕಾಫಿ ಬೆಳೆಗಾರರಿಗೆ ಹಬ್ಬ, ಆದರೆ ಮರುದಿನ ಹೈಡ್ ಬರಿದಾಗಿರುತ್ತದೆ. ನೆಲ ಒಣಗಿ ಹಕ್ಕಿಗಳು ಮತ್ತೆ ಹೊಂಡದ ದಾರಿ ಹಿಡಿಯಲು ಎರಡು ಮೂರು ದಿನವಾದರೂ ಬೇಕು. ಇನ್ನೊಂದು, ಸ್ಪ್ರಿಂಕ್ಲರ್. ಹೂಮಳೆ ಕೈಕೊಟ್ಟಾಗ ರೊಬಸ್ಟಾ ತೋಟಗಳಿಗೆ ತುಂತುರು ನೀರು ಹಾಯಿಸುತ್ತಾರೆ. ಪಕ್ಕದ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿದ್ದರೆ ಪಿಕಳಾರಗಳೂ ಸಿಳ್ಳಾರಗಳೂ ಅಲ್ಲಿಯೇ ಎಲೆಗಳ ನಡುವೆ ಮಿಂದುಕೊಳ್ಳುತ್ತವೆ, ಜೊತೆಗೆ ಪಂಪ್‌ಸೆಟ್ಟಿನ ಶಬ್ದ ಬೇರೆ. ಫೋನಿನಲ್ಲಿ ಇವೆರಡನ್ನು ಕೇಳಿದಾಗ ನೇರವಾಗಿ ಉತ್ತರಿಸಿ, "ಈ ವಾರ ಬೇಡ, ಮುಂದಿನ ವಾರ ಬನ್ನಿ" ಎನ್ನುವ ಮಾಲೀಕರು ಸಿಕ್ಕರೆ ಅವರ ಹೈಡನ್ನೇ ಆರಿಸಿಕೊಳ್ಳಿ.

ಅಭಯಾರಣ್ಯದ ಒಳಗೇ ಮರೆ ಕಟ್ಟಿಕೊಂಡು ಕೂರಬಹುದೇ ಎಂದು ಕೆಲವರು ಕೇಳುತ್ತಾರೆ. ಕೊಡಗಿನಲ್ಲಿ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಎಂಬ ಮೂರು ವನ್ಯಜೀವಿಧಾಮಗಳಿವೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಈ ಮೂರೂ ಸೇರಿವೆ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಂದು ಭಾಗವೂ ಈ ಜಿಲ್ಲೆಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂತಹ ಕಾಡುಗಳಿಗೆ ಪ್ರವೇಶಿಸಲು, ಅಲ್ಲಿ ಛಾಯಾಗ್ರಹಣ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹಾಗಾಗಿ ನಮ್ಮಂತಹ ಹವ್ಯಾಸಿಗಳಿಗೆ ಕಾಡಿಗೆ ತಾಗಿಕೊಂಡಿರುವ ಖಾಸಗಿ ತೋಟದ ಹೈಡ್‌ಗಳೇ ಸೂಕ್ತ. ಕೊಡಗಿನ ಹಳೆಯ ತೋಟಗಳಲ್ಲಿ ಬೀಟೆ, ಹಲಸು, ಅತ್ತಿ, ನಂದಿ ಮರಗಳ ನೆರಳು ಇನ್ನೂ ಉಳಿದಿರುವುದರಿಂದಲೂ, ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಊರೂರಿನ ನಡುವೆ ಹಬ್ಬಿರುವುದರಿಂದಲೂ ಕಾಡಿನ ಹಕ್ಕಿಗಳು ತೋಟಕ್ಕೆ ಯಾವ ಅಳುಕೂ ಇಲ್ಲದೆ ಬರುತ್ತವೆ. ಬರೀ ಸಿಲ್ವರ್ ಓಕ್ ನೆಟ್ಟಿರುವ ತೋಟಕ್ಕಿಂತ ಇಂತಹ ಮಿಶ್ರ ನೆರಳಿನ ತೋಟದ ಹೈಡ್ ಎಷ್ಟೋ ಪಾಲು ಮೇಲು.

ಕಾಯ್ದಿರಿಸುವಾಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಹಕ್ಕಿಗಳನ್ನು ಹೇಗೆ ಕರೆಸುತ್ತಾರೆ ಎಂಬುದು. ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ ತೊಟ್ಟಿಕ್ಕುವ ನೀರಿನಿಂದಲೇ ಹಕ್ಕಿಗಳನ್ನು ಸೆಳೆಯುವವರಿದ್ದಾರೆ, ಅದು ಸರಿಯಾದ ಕ್ರಮ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ನುಡಿಸಿ ಕರೆಸುವುದು, ಜೀವಂತ ಹುಳುಗಳನ್ನು ಡಬ್ಬಿಯಲ್ಲಿಟ್ಟು ಆಸೆ ತೋರಿಸುವುದು, ಗೂಡಿನ ಎದುರು ಮರೆ ಕಟ್ಟುವುದು ನಡೆಯುತ್ತಿದ್ದರೆ ಅಂತಹ ಕಡೆ ಹೋಗಬೇಡಿ. ತನ್ನ ಗಡಿಗೆ ಬೇರೊಂದು ಗಂಡು ನುಗ್ಗಿದೆ ಎಂದು ನಂಬಿ ದಿನವಿಡೀ ಕೂಗಿಗೆ ಓಗೊಡುತ್ತಾ ಮೇವು ಮರೆಯುವ ಹಕ್ಕಿಯ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಪಡೆಯಲು ಯೋಗ್ಯವಾದ ಚಿತ್ರವಲ್ಲ. ಹೊಂಡವನ್ನು ದಿನವೂ ತೊಳೆದು ನೀರು ಬದಲಾಯಿಸುತ್ತಾರೆಯೇ ಎಂಬುದನ್ನೂ ವಿಚಾರಿಸಿ. ಹತ್ತಾರು ಹಕ್ಕಿಗಳು ಒಂದೇ ನೀರನ್ನು ಕುಡಿದು ಅದರಲ್ಲೇ ಮೀಯುವಾಗ ಕೊಳೆತ ನೀರು ರೋಗ ಹರಡುತ್ತದೆ.

ಕೊಡಗಿಗೆ ರೈಲು ಇಲ್ಲ. ಬೆಂಗಳೂರಿನ ಕಡೆಯಿಂದ ಬರುವವರು ಮೈಸೂರು, ಹುಣಸೂರು, ತಿತಿಮತಿ, ಗೋಣಿಕೊಪ್ಪ ಮಾರ್ಗವಾಗಿ ದಕ್ಷಿಣ ಕೊಡಗನ್ನು ತಲುಪಬಹುದು. ದೂರದ ಊರಿನವರಿಗೆ 2018ರಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣದಿಂದ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ ಬರುವುದು ಹತ್ತಿರದ ದಾರಿ.

ಹೈಡ್‌ಗೆ ಬೆಳಗಿನ ಆರು ಗಂಟೆಯ ಸುಮಾರಿಗೆ, ಹಕ್ಕಿಗಳು ಚುರುಕಾಗುವ ಮುನ್ನವೇ ಒಳಹೊಕ್ಕಿರಬೇಕು. ಆದರೆ ಸಿದ್ದಾಪುರ, ಅಮ್ಮತ್ತಿ, ತಿತಿಮತಿಯ ತೋಟಗಳಲ್ಲಿ ಆ ಹೊತ್ತಿಗೆ ಕಾಡಾನೆಗಳು ಇನ್ನೂ ತೋಟದೊಳಗೇ ಇರುವುದುಂಟು. ತೋಟದ ರೈಟರ್ (ಕೆಲಸದ ಮೇಲ್ವಿಚಾರಣೆ ನೋಡುವವರು) ಅಥವಾ ಕಾವಲಿನವರು ರಾತ್ರಿ ಆನೆ ಎಲ್ಲಿ ಇಳಿದಿದೆ ಎಂದು ತಿಳಿಸಿ ತಾವೇ ಮುಂದೆ ನಡೆಯುವವರೆಗೆ ಕೋಣೆಯಿಂದ ಹೊರಡಬೇಡಿ. ಬೆಳಕಿನ ಆತುರದಲ್ಲಿ ಈ ವಿಷಯದಲ್ಲಿ ಯಾವ ರಾಜಿಯೂ ಸಲ್ಲದು.

ಒಳಗೆ ಕುಳಿತ ಮೇಲೆ ಬೇಕಾದದ್ದು ಅಲುಗಾಡದ ಕೈ. ಬಲೆಯ ಕಿಂಡಿಯಿಂದ ಲೆನ್ಸಿನ ಮೂತಿ ಹೊರಗೆ ಚಾಚದಂತೆ ಇರಿಸಿ, ಹೊಂಡದ ಅಂಚಿಗೆ ಮೊದಲೇ ಗುರಿಯಿಟ್ಟು ಬಿಡಿ. ಹಕ್ಕಿ ಬಂದಾಗ ಲೆನ್ಸನ್ನು ಥಟ್ಟನೆ ತಿರುಗಿಸುವುದರಿಂದ ಆಗುವಷ್ಟು ಗಾಬರಿ ಶಟರಿನ ಸದ್ದಿನಿಂದಲೂ ಆಗುವುದಿಲ್ಲ. ಕಿತ್ತಳೆ ತಲೆಯ ನೆಲಸಿಳ್ಳಾರವೊಂದು ಕಾಫಿ ಗಿಡದ ಬುಡದಲ್ಲಿ ಒಣ ಎಲೆಗಳನ್ನು ಕೊಕ್ಕಿನಿಂದ ಅತ್ತಿತ್ತ ಎಸೆಯುತ್ತಾ ಹೊಂಡದತ್ತ ಹೆಜ್ಜೆ ಹೆಜ್ಜೆಯಾಗಿ ಬರುತ್ತಿದ್ದಾಗ ನಾನು ಕ್ಯಾಮೆರಾ ತಿರುಗಿಸಲು ಕೈಯೆತ್ತಿದ್ದನ್ನು ಕಂಡು, ಪಕ್ಕದಲ್ಲಿದ್ದ ತೋಟದ ಹುಡುಗ ಪಿಸುಮಾತಿನಲ್ಲಿ "ತಿರುಗಿಸ್ಬೇಡಿ ಸಾರ್, ಅದೇ ಎದುರಿಗೆ ಬರ್ತದೆ" ಎಂದ. ಹಾಗೆಯೇ ಆಯಿತು. ಅದು ಕಲ್ಲಿನ ಮೇಲೆ ನಿಂತು ಒಂದು ನಿಮಿಷ ಸುತ್ತ ನೋಡಿ, ಎದೆಮಟ್ಟ ನೀರಿಗಿಳಿದು, ಎರಡೂ ರೆಕ್ಕೆಗಳನ್ನು ಬಡಿಯುತ್ತಾ ನೀರನ್ನು ಬೆನ್ನ ಮೇಲೆ ಎರಚಿಕೊಂಡಿತು. ಮೀಯುವಾಗಿನ ಚಿತ್ರ ಆಕರ್ಷಕವೆನಿಸಿದರೂ, ಮಿಂದು ಮೇಲೆ ಬಂದು ಕೊಂಬೆಯ ಮೇಲೆ ಗರಿಗಳನ್ನೆಲ್ಲ ಉಬ್ಬಿಸಿ ಮೈಕೊಡವುವ ಕ್ಷಣಕ್ಕಾಗಿ ಕಾಯುವುದು ಲೇಸು. ಕಾಡುಪಾರಿವಾಳ ಬಂದರೆ ಇನ್ನೊಂದು ರೀತಿಯ ತಾಳ್ಮೆ ಬೇಕು. ಕಾಡುಕೋಳಿ ಗುಟುಕು ಗುಟುಕಿಗೂ ತಲೆಯೆತ್ತಿದರೆ, ಪಾರಿವಾಳದ ಜಾತಿಯವು ಕೊಕ್ಕನ್ನು ನೀರಿನಲ್ಲೇ ಅದ್ದಿಟ್ಟು ಹೀರುತ್ತವೆ. ಕುಡಿದು ತಲೆಯೆತ್ತಿದ ಮೇಲಷ್ಟೇ ಅದರ ಪಚ್ಚೆ ರೆಕ್ಕೆಯೂ ಕಣ್ಣೂ ಒಟ್ಟಿಗೆ ಸಿಗುತ್ತವೆ.

ಮರಗಳ ದಟ್ಟ ನೆರಳಿನಲ್ಲಿ ಬೆಳಕು ನಾವಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಎಫ್ 5.6ರಲ್ಲಿ ಐಎಸ್‌ಒ 3200 ಇಟ್ಟರೂ ಶಟರ್ ವೇಗ ಸೆಕೆಂಡಿನ 1/100ರ ಆಸುಪಾಸಿಗೆ ಇಳಿಯುವುದುಂಟು, ಸಂಜೆ ಇನ್ನೂ ಕಡಿಮೆ. ಆದ್ದರಿಂದ ಬೀನ್‌ಬ್ಯಾಗ್ ಅಥವಾ ಗಟ್ಟಿಮುಟ್ಟಾದ ಟ್ರೈಪಾಡ್ ಅಗತ್ಯ, ಲೆನ್ಸಿನ ಎಟುಕು ಹೆಚ್ಚಿಸಿದರೂ ಬೆಳಕನ್ನು ತಗ್ಗಿಸುವ ಟೆಲಿಕನ್ವರ್ಟರನ್ನು ಮನೆಯಲ್ಲೇ ಬಿಟ್ಟು ಬನ್ನಿ. ದೂರ ಕಡಿಮೆಯಾದ್ದರಿಂದ 100-400 ಅಥವಾ 150-600 ಮಿ.ಮೀ. ಜೂಮ್ ಧಾರಾಳವಾಗಿ ಸಾಕು. ಸ್ಥಿರ ನಾಭಿದೂರದ ದೊಡ್ಡ ಲೆನ್ಸ್ ತರುವವರು ಅದರ ಕನಿಷ್ಠ ಫೋಕಸ್ ದೂರವನ್ನು ಪರೀಕ್ಷಿಸಿಕೊಂಡಿರಬೇಕು. ಎಲೆಗಳಿಂದ ಸೋಸಿ ಬರುವ ಬೆಳಕು ಗರಿಗಳಿಗೆಲ್ಲ ಹಸಿರು ಛಾಯೆ ಬಳಿಯುವುದರಿಂದ ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಲು ಅನುಕೂಲವಾಗುವ ರಾ (RAW) ಮಾದರಿಯಲ್ಲೇ ಚಿತ್ರ ತೆಗೆಯಿರಿ. ಫ್ಲ್ಯಾಶ್ ಬೇಡವೇ ಬೇಡ.

ಹತ್ತು ಗಂಟೆಯ ನಂತರ ಒಂದು ಬಿಡುವು ಬರುತ್ತದೆ. ಬಹಳ ಮಂದಿ ಆಗ ಎದ್ದು ಹೊರಟು ಸಂಜೆ ತಡವಾಗಿ ಮರಳುತ್ತಾರೆ. ಮಧ್ಯಾಹ್ನ ಮೂರೂವರೆಯೊಳಗೆ ಮತ್ತೆ ಕುಳಿತಿರುವುದು ಒಳ್ಳೆಯದು, ಏಕೆಂದರೆ ಕೊಡಗಿನ ಹೈಡ್‌ನ ಉತ್ತಮ ಹೊತ್ತು ಸಂಜೆಯೇ. ಮೊದಲು ಪಿಕಳಾರಗಳು, ಅವುಗಳಲ್ಲಿ ಪಶ್ಚಿಮಘಟ್ಟಕ್ಕೇ ಸೀಮಿತವಾದ ಕೆಂಪು ಕೊರಳಿನದೂ ಒಂದು. ಆಮೇಲೆ ಉದ್ದಬಾಲದ ರಾಜಹಕ್ಕಿ ಹಾರಿ ಬಂದು ನೀರನ್ನು ಮುಟ್ಟಿ ಮರಳಿ ಕೊಂಬೆಗೇರುತ್ತದೆ. ಬಿಳಿಹೊಟ್ಟೆಯ ನೀಲಿ ನೊಣಹಿಡುಕ ಮತ್ತು ನವರಂಗ ಬರುವುದು ಬೆಳಕು ಇನ್ನೇನು ಮುಗಿಯಿತು ಎನ್ನುವಾಗ. ಆಗ ಶಟರ್ ವೇಗ 1/30ಕ್ಕೆ ಇಳಿದರೂ ಅಂಜದೆ, ಹಕ್ಕಿ ನಿಶ್ಚಲವಾಗಿ ನಿಂತ ಕ್ಷಣದಲ್ಲಿ ಐದಾರು ಚಿತ್ರಗಳನ್ನು ಒಟ್ಟಿಗೆ ತೆಗೆದರೆ ಒಂದಾದರೂ ಸ್ಪಷ್ಟವಾಗಿ ಬರುತ್ತದೆ. ಕಾಕರಣೆಯನ್ನೋ (ಟ್ರೋಗನ್) ಮಂಗಟ್ಟೆಯನ್ನೋ (ಹಾರ್ನ್‌ಬಿಲ್) ಹೊಂಡದ ಬಳಿ ನಿರೀಕ್ಷಿಸಬೇಡಿ. ಅವುಗಳನ್ನು ಕಾಡಿನ ದಾರಿಯಲ್ಲಿ, ಹಣ್ಣು ಬಿಟ್ಟ ಅತ್ತಿ ಮರದಲ್ಲಿ ಹುಡುಕಬೇಕು.

ಬಟ್ಟೆ ಮಾಸಲು ಹಸಿರು ಅಥವಾ ಕಂದು ಬಣ್ಣದ್ದಿರಲಿ, ಮಳೆ ಬಿದ್ದಿದ್ದರೆ ಜಿಗಣೆ ಕಾಲುಚೀಲ ಇರಲಿ, ಬುತ್ತಿಗೆ ಸದ್ದು ಮಾಡುವ ಪ್ಲಾಸ್ಟಿಕ್ ಪೊಟ್ಟಣ ಬೇಡ. ಹೋಮ್‌ಸ್ಟೇಯವರು ಬಾಳೆಲೆಯಲ್ಲಿ ಕಟ್ಟಿಕೊಡುವ ಅಕ್ಕಿ ರೊಟ್ಟಿಯೇ ಹೈಡ್‌ಗೆ ತಕ್ಕ ಊಟ. ಒಂದು ಹೈಡ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ಇರದಂತೆ ಮೊದಲೇ ಮಾತಾಡಿಕೊಳ್ಳಿ, ವಾರಾಂತ್ಯವನ್ನೂ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ದಿನಗಳನ್ನೂ ಬಿಟ್ಟು ವಾರದ ನಡುವೆ ಹೋಗಿ. ಕತ್ತಲಾದ ಮೇಲೆ ನೀವಾಗಿಯೇ ಹೊರಬರದೆ ತೋಟದವರು ಟಾರ್ಚ್ ಹಿಡಿದು ಕರೆಯಲು ಬರುವವರೆಗೆ ಒಳಗೇ ಇರಿ. ಮರುದಿನ ಹುಣಸೂರಿಗೆ ನಾಗರಹೊಳೆ ಕಾಡಿನೊಳಗಿನ ರಸ್ತೆಯಲ್ಲಿ ಮರಳುವ ಯೋಚನೆಯಿದ್ದರೆ, ಆ ರಸ್ತೆ ರಾತ್ರಿ ಮುಚ್ಚಿರುತ್ತದೆಯಾದ್ದರಿಂದ ಸಂಜೆಯ ಹೈಡ್ ಮುಗಿಸಿ ಹೊರಡುವ ಲೆಕ್ಕ ಹಾಕಬೇಡಿ. ಬೆಳಗಿನ ಸರದಿ ಮುಗಿಸಿ ಹೊರಡಿ.