ಸೊಪ್ಪಿನ ರಾಣಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಿಂದಿ ಯಾರಿಗೂ ಬರುತ್ತಿರಲಿಲ್ಲ. ಹಿಂದಿ ಹಾಡು ಮಾತ್ರ ಎಲ್ಲರಿಗೂ ಬರುತ್ತಿತ್ತು. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಹೊತ್ತು ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂರುತ್ತಿದ್ದರು. ಜಗಲಿ ಕಟ್ಟೆಯ ಮೇಲೆ ರೇಡಿಯೋ. ಬುಧವಾರ ಎಂಟು ಗಂಟೆಗೆ ಸಿಲೋನ್ ಸ್ಟೇಷನ್ನಿನ ಹಿಂದಿ ಹಾಡಿನ ಕಾರ್ಯಕ್ರಮ, ಬಿನಾಕಾ ಗೀತ್‌ಮಾಲಾ. ಅದನ್ನು ನಡೆಸಿಕೊಡುತ್ತಿದ್ದ ಅಮೀನ್ ಸಯಾನಿ ‘ಬೆಹನೋ ಔರ್ ಭಾಯಿಯೋ’ ಅಂದ ಕೂಡಲೇ ಮಾತು ನಿಲ್ಲುತ್ತಿತ್ತು. ಕೈ ನಿಲ್ಲುತ್ತಿರಲಿಲ್ಲ. ಹಾಡು ಒಮ್ಮೆ ಕಿವಿಯ ಹತ್ತಿರ, ಒಮ್ಮೆ ಗುಡ್ಡದಾಚೆ.

‘ಮೇರೆ ಸಪ್ನೋಂ ಕೀ ರಾನಿ’, ಅಂದರೆ ನನ್ನ ಕನಸಿನ ರಾಣಿ, ನಮ್ಮಲ್ಲಿ ಬಹಳ ದಿನ ‘ಮೇಲೆ ಸೊಪ್ಪಿನ ರಾಣಿ’ ಆಗಿತ್ತು. ತೋಟಕ್ಕೆ ಸೊಪ್ಪು ಹೊರಲು ಬರುತ್ತಿದ್ದವಳೊಬ್ಬಳು ಹಾಗೇ ಹಾಡಿಕೊಳ್ಳುತ್ತಿದ್ದಳು. ತಲೆ ಮೇಲೆ ಹೊರೆ ಇದ್ದವಳಿಗೆ ಅದೇ ಸರಿಯಾದ ಅರ್ಥ, ಅಲ್ವಾ?

ಆ ಹಾಡಿದ್ದ ಸಿನಿಮಾ ‘ಆರಾಧನಾ’ ಬಿಡುಗಡೆಯಾದದ್ದು 1969ರಲ್ಲಿ. ನಾವು ನೋಡಿದ್ದು ಎಷ್ಟೋ ವರ್ಷದ ಮೇಲೆ, ಟೂರಿಂಗ್ ಟಾಕೀಸಿನಲ್ಲಿ. ಪಕ್ಕದಲ್ಲಿ ಚಿಕ್ಕಮ್ಮ. ಅರ್ಧ ಗಂಟೆಯೂ ಆಗಿರಲಿಲ್ಲ, ‘ಈ ಪೈಲಟ್ ಉಳಿಯಲ್ಲ ನೋಡ್ತಿರು ಮಾರಾಯ್ತಿ’ ಅಂದರು.

‘ಯಾಕೆ ಚಿಕ್ಕಮ್ಮ?’

‘ಗುಟ್ಟಾಗಿ ಮದುವೆ ಆದ್ನಲ್ಲ!’

ವಿಮಾನ ಬಿತ್ತು. ನಾಯಕಿ ಮಗುವನ್ನು ಬೇರೆಯವರ ಮಡಿಲಿಗೆ ಹಾಕಿ ಅದೇ ಮನೆಯಲ್ಲಿ ಆಯಾ ಆದಳು. ಆಮೇಲೆ ಕೊಲೆ, ಜೈಲು. ಬೆಳೆದ ಮಗನಾಗಿ ರಾಜೇಶ್ ಖನ್ನಾ ಮತ್ತೆ ಬಂದಾಗ ಚಿಕ್ಕಮ್ಮನಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. ‘ಹೊಸಬನಿಗೆ ಯಾಕೆ ದುಡ್ಡು ಕೊಡ್ತಾರೆ?’

ಆ ಕಾಲದ ಪ್ರೇಮಕಥೆಗಳೆಲ್ಲ ಹೀಗೇ. ಹುಡುಗ ಶ್ರೀಮಂತ ಆದರೆ ಹುಡುಗಿ ಬಡವಿ. ಅಪ್ಪ ಒಪ್ಪಲ್ಲ. ಎಲ್ಲರೂ ಒಂದು ಸಲ ಬೆಟ್ಟಕ್ಕೆ ಹೋಗಲೇಬೇಕು. ಮಂಜು ನೋಡಲು ದುಡ್ಡು ಖರ್ಚು ಮಾಡಿ ಹೋಗ್ತಾರಲ್ಲ ಅಂತ ನಮಗೆ ನಗು. ಈಗಿನವರು ಇದನ್ನೆಲ್ಲ ಹಳಸಲು ಕಥೆ ಅಂತಾರೆ. ನನಗೆ ಹಾಗೆ ಅನ್ನಿಸಲೇ ಇಲ್ಲ. ಕಥೆ ಮೊದಲೇ ಗೊತ್ತಿದ್ದದ್ದಕ್ಕೇ ಅಲ್ವಾ, ಭಾಷೆ ಬಾರದ ನಾವು ಮೂರು ಗಂಟೆ ಕೂತು ನೋಡಿದ್ದು?

ಯಕ್ಷಗಾನಕ್ಕೆ ಹೋಗುವವರು ಕೌರವ ಗೆಲ್ತಾನೋ ಏನೋ ಅಂತ ನೋಡಲು ಹೋಗ್ತಾರಾ? ಪದ್ಯ ಕೇಳಲು ಹೋಗುತ್ತಾರೆ. ಭಾಗವತರು ಹಾಡ್ತಾರೆ, ವೇಷ ಕುಣಿಯುತ್ತೆ. ನಮ್ಮ ಕಡೆಯವರಿಗೆ ಹಿನ್ನೆಲೆ ಗಾಯನವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಎಸ್.ಡಿ. ಬರ್ಮನ್ ರಾಗ ಕಟ್ಟಿದರು, ಕಿಶೋರ್ ಕುಮಾರ್ ಭಾಗವತಿಕೆ ಮಾಡಿದರು, ಖನ್ನಾ ಜೀಪಿನಲ್ಲಿ ನಿಂತು ಕುಣಿದ. ಅಷ್ಟೇ. ಕೆಲವು ಹಾಡಿಗೆ ರಫಿಯೂ ಇದ್ದರು. ಆದರೆ ಟೆಂಟಿನಲ್ಲಿ ಸಿಳ್ಳೆ ಬಿದ್ದದ್ದು ಜೀಪಿಗೇ.

ಆ ‘ಸೊಪ್ಪಿನ ರಾಣಿ’ ಹಾಡಿನಲ್ಲಿ ಡಾರ್ಜಿಲಿಂಗಿನ ಪುಟ್ಟ ರೈಲು ಪಕ್ಕದಲ್ಲೇ ಓಡುತ್ತೆ. ಕಿಟಕಿಯಲ್ಲಿ ಪುಸ್ತಕ ಹಿಡಿದ ಶರ್ಮಿಳಾ ಟಾಗೋರ್. ಶರ್ಮಿಳಾಗೆ ಅಲ್ಲಿಗೆ ಹೋಗಲು ಪುರುಸೊತ್ತು ಇರಲಿಲ್ಲವಂತೆ, ಅವರ ಭಾಗವನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ತೆಗೆದರು ಅಂತ ನನಗೆ ಗೊತ್ತಾದದ್ದು ಇತ್ತೀಚೆಗೆ. ನನಗೇಕೋ ಬೇಜಾರಾಯಿತು. ಇಷ್ಟು ವರ್ಷ ಅವನು ಅವಳನ್ನು ನೋಡಿಯೇ ಹಾಡಿದ್ದು ಅಂದುಕೊಂಡಿದ್ದೆ.

ಮೊನ್ನೆ ಊರಿಗೆ ಹೋದಾಗ ಚಿಕ್ಕಮ್ಮನಿಗೆ ಹೇಳಿದೆ. ಈಗ ಅಂಗಳದಲ್ಲಿ ಸುಲಿಯುವ ಮೆಷಿನ್ ಇದೆ. ಆ ಗಲಾಟೆಯಲ್ಲಿ ಎರಡು ಸಲ ಕೂಗಿ ಹೇಳಬೇಕಾಯಿತು.

‘ಅವಳು ಅಲ್ಲಿ ಇರಲೇ ಇಲ್ವಂತೆ ಚಿಕ್ಕಮ್ಮ!’

‘ಇರಲಿ ಬಿಡೇ’ ಅಂದರು. ‘ಹಾಡಿದ್ದಾದ್ರೂ ಅವನೇನಾ?’